ಗವರ್ನರರ ಪಟ್ಟಿಯಲ್ಲಿ ಒಂದು ಖಾಲಿ ಸಾಲು

ಸೇಂಟ್ ಲೂಸಿಯಾ ಎಂಬ ದ್ವೀಪವೊಂದು ಇದೆ ಎಂದು ನನಗೆ ತಿಳಿದದ್ದೇ ಅದರ ಗವರ್ನರರ ಪಟ್ಟಿ ನನ್ನ ಮೇಜಿಗೆ ಬಂದ ಬೆಳಿಗ್ಗೆ. ಕೆರಿಬಿಯನ್ ಸಮುದ್ರದ ಸಣ್ಣ ದ್ವೀಪ. ಫ್ರೆಂಚರೂ ಬ್ರಿಟಿಷರೂ ಅದಕ್ಕಾಗಿ ತಲೆಮಾರುಗಟ್ಟಲೆ ಕಿತ್ತಾಡಿದರು. ಹದಿನಾಲ್ಕು ಸಲ ಅದು ಕೈ ಬದಲಾಯಿಸಿತು ಎನ್ನುತ್ತಾರೆ.

ನಮ್ಮ ಕಚೇರಿ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ. ಮ್ಯೂಸಿಯಂಗಳಿಗೆ, ವಸ್ತುಪ್ರದರ್ಶನಗಳಿಗೆ ಗೋಡೆಯ ಫಲಕ ಮಾಡಿಕೊಡುವುದು ನಮ್ಮ ಕೆಲಸ. ವಿನ್ಯಾಸ ಮಾಡುವವರು ಬೇರೆ. ಫಲಕದ ಮೇಲೆ ಬರುವ ಹೆಸರು, ಇಸವಿ, ಕಾಗುಣಿತ ಎಲ್ಲ ಸರಿಯಿದೆಯೇ ಎಂದು ನೋಡಿ ಕೊನೆಯ ಸಹಿ ಹಾಕುವವಳು ನಾನು. ನನ್ನ ಸಹಿ ಬಿದ್ದ ಹಾಳೆ ಅಲ್ ಕೂಝ್‌ನಲ್ಲಿರುವ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಲೇಸರ್ ಯಂತ್ರ ಅಕ್ಷರಗಳನ್ನು ಹಿತ್ತಾಳೆ ತಗಡಿನ ಮೇಲೆ ಕೊರೆಯುತ್ತದೆ. ಹಾಳೆಯಲ್ಲಿ ತಪ್ಪಿದರೆ ತಿದ್ದಬಹುದು, ತಗಡಿನಲ್ಲಿ ತಪ್ಪಿದರೆ ತಗಡೇ ಹೋಯಿತು.

ಕೆಲಸ ಕೊಟ್ಟಿದ್ದು ಅಬುಧಾಬಿಯ ಒಂದು ಪ್ರದರ್ಶನ ಸಭಾಂಗಣ. ಹಳೆಯ ಸಮುದ್ರಮಾರ್ಗದ ದ್ವೀಪಗಳ ಬಗ್ಗೆ ಅಲ್ಲೊಂದು ಪ್ರದರ್ಶನ, ದ್ವೀಪಕ್ಕೊಂದು ಗೋಡೆ. ಸೇಂಟ್ ಲೂಸಿಯಾದ ಗೋಡೆಗೆ ಮೊದಲ ಫ್ರೆಂಚ್ ಗವರ್ನರ್‌ನಿಂದ ಹಿಡಿದು, ದ್ವೀಪ ಕಾಯಮ್ಮಾಗಿ ಬ್ರಿಟಿಷರ ಪಾಲಾದ 1814ರವರೆಗಿನ ಪಟ್ಟಿ. ಒಂದು ಬದಿಗೆ ಇಂಗ್ಲಿಷ್, ಇನ್ನೊಂದು ಬದಿಗೆ ಅರಬ್ಬಿ.

ನಮ್ಮ ಮ್ಯಾನೇಜರ್ ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು. ಭಟ್ಕಳದ ನವಾಯತಿ ಮಾತಾಡುವ ಮುಸ್ಲಿಂ ಮನೆಯ ನಾನೂ ಅವರೂ ಕಚೇರಿಯಲ್ಲಿ ಕನ್ನಡದಲ್ಲೇ ಮಾತಾಡುತ್ತೇವೆ. ನಮ್ಮಿಬ್ಬರದೂ ಮನೆಭಾಷೆ ಬೇರೆ, ಶಾಲೆಯ ಭಾಷೆ ಒಂದೇ.

“ಇದು ಸುಲಭ ಉಂಟು,” ಎಂದರು ಅವರು. “ಹೆಸರು, ಯಾವಾಗಿಂದ, ಯಾವಾಗಿನವರೆಗೆ. ಮೂರೇ ಕಾಲಂ. ಎರಡು ವಾರದಲ್ಲಿ ಆಗ್ಲಿಕ್ಕಿಲ್ವಾ?”

“ಆಗ್ತದೆ ಸರ್,” ಎಂದೆ.

ಆ ತಿಂಗಳು ನನ್ನ ವೀಸಾ ನವೀಕರಣಕ್ಕೆ ಬಂದಿತ್ತು. ಕಂಪನಿಯ ಕಡೆಯಿಂದ ಅದಕ್ಕೆ ಶಿಫಾರಸು ಬರೆಯಬೇಕಾದವರು ಅವರೇ. ಆಗುವುದಿಲ್ಲ ಎನ್ನುವ ಕಾಲ ಅದಾಗಿರಲಿಲ್ಲ.

ಮೊದಲ ವಾರ ನಾನು ಕಲಿತದ್ದು, ಈ ದ್ವೀಪದ ಬಗ್ಗೆ ಒಂದರಂತೆ ಇನ್ನೊಂದು ಪಟ್ಟಿ ಇಲ್ಲ ಎಂಬುದನ್ನು. ನನ್ನೆದುರು ನಾಲ್ಕು ಪಟ್ಟಿಗಳಿದ್ದವು, ಎರಡು ಫ್ರೆಂಚ್ ಮೂಲದವು, ಎರಡು ಇಂಗ್ಲಿಷ್. ಒಂದೇ ತಿಂಗಳಲ್ಲಿ ಕೋಟೆಯೊಳಗೆ ಒಬ್ಬ ಫ್ರೆಂಚ್ ಗವರ್ನರ್, ಅತ್ತ ಲಂಡನ್ನಿನಲ್ಲಿ ನೇಮಕವಾಗಿ ಹಡಗಿನಲ್ಲಿ ಬರುತ್ತಿರುವ ಒಬ್ಬ ಬ್ರಿಟಿಷ್ ಗವರ್ನರ್. ಯಾರ ತಾರೀಕು ಎಲ್ಲಿಂದ ಶುರು? ಗವರ್ನರ್ ಜ್ವರದಲ್ಲಿ ಸತ್ತರೆ ಹೊಸಬ ಬರುವವರೆಗೆ ಯಾರೋ ಸೇನಾಧಿಕಾರಿ ನೋಡಿಕೊಳ್ಳುತ್ತಾನೆ. ಒಂದು ಪಟ್ಟಿಯಲ್ಲಿ ಅವನಿದ್ದಾನೆ, ಇನ್ನೊಂದರಲ್ಲಿ ಇಲ್ಲ. ಒಬ್ಬನೇ ಮನುಷ್ಯನ ಹೆಸರು ನಾಲ್ಕು ಬಗೆಯ ಕಾಗುಣಿತದಲ್ಲಿ ಬಂದಾಗ ಅವರು ನಾಲ್ಕು ಜನರೋ ಒಬ್ಬನೋ ಎಂದು ತಿಳಿಯಲು ಒಂದು ಇಡೀ ದಿನ ಹೋಯಿತು.

ಅರಬ್ಬಿ ಬದಿಯದು ಬೇರೆಯೇ ತೊಂದರೆ. ಅಕ್ಷರ ಬಲದಿಂದ ಎಡಕ್ಕೆ ಹೋಗುತ್ತದೆ, ಅಂಕಿ ಎಡದಿಂದ ಬಲಕ್ಕೆ. ಎರಡು ಇಸವಿಗಳ ನಡುವೆ ಗೆರೆ ಹಾಕಿದ ಕೂಡಲೇ ಕಂಪ್ಯೂಟರ್ ಅವುಗಳನ್ನು ಅದಲುಬದಲು ಮಾಡುತ್ತಿತ್ತು. ಮೊದಲ ಕರಡಿನಲ್ಲಿ ಎಲ್ಲ ಗವರ್ನರರೂ ಅಧಿಕಾರ ಬಿಟ್ಟ ಮೇಲೆ ಅಧಿಕಾರ ಹಿಡಿದಿದ್ದರು. ಒಂದೊಂದು ಸಾಲನ್ನೂ ಕೈಯಲ್ಲಿ ತಿದ್ದಿದೆ.

ಈ ಗೊಂದಲದಿಂದ ಹೊರಬರಲು ನಾನೊಂದು ನಿಯಮ ಮಾಡಿದೆ. ಹುದ್ದೆಯ ಹೆಸರಿನಲ್ಲಿ ‘ಗವರ್ನರ್’ ಎಂಬ ಮಾತು ಇರಬೇಕು, ಮೇಲಿನಿಂದ ನೇಮಕಪತ್ರ ಬಂದಿರಬೇಕು. ಹಂಗಾಮಿಗಳು, ಸೇನಾಧಿಕಾರಿಗಳು, ಕಮಿಷನರುಗಳು ಬೇಡ. ಅವರ ಜಾಗದಲ್ಲಿ ‘ಹುದ್ದೆ ಖಾಲಿ’ ಎಂದು ಬರೆಯುವುದು. ಈ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸಿದೆ. ಪ್ರದರ್ಶನದ ಸಂಯೋಜಕಿ ಲೆಬನಾನಿನ ಮಹಿಳೆ. ಫೋನಿನಲ್ಲಿ ನನಗೆ ಫ್ರೆಂಚ್ ಹೆಸರುಗಳ ಉಚ್ಚಾರ ಹೇಳಿಕೊಡುತ್ತಿದ್ದವರು ಅವರೇ. ಅವರಿಂದ ಒಂದೇ ಸಾಲಿನ ಉತ್ತರ ಬಂತು: ನಿಯಮ ಚೆನ್ನಾಗಿದೆ, ಯಲ್ಲಾ, ಮುಂದುವರಿಸಿ.

ಅಲ್ಲಿಂದ ಮುಂದೆ ಕೆಲಸ ಸರಾಗವಾಯಿತು. ಪಟ್ಟಿ ಅರ್ಧಕ್ಕೆ ಇಳಿಯಿತು. ಅಡ್ಡ ಬಂದದ್ದು ಒಂದೇ ಕಾಗದ. ದ್ವೀಪದಿಂದ ಹೊರಟ ಫ್ರೆಂಚ್ ಸುತ್ತೋಲೆಯೊಂದರ ಸ್ಕ್ಯಾನ್ ಪ್ರತಿ, ಕೆಳಗೆ ಒಬ್ಬ ಕಮಿಷನರನ ಸಹಿ. ತಾರೀಕಿನ ಜಾಗದಲ್ಲಿ ‘ಮಂಜಿನ ತಿಂಗಳು, ನಾಲ್ಕನೇ ವರ್ಷ’ ಎಂದಿತ್ತು. ಫ್ರಾನ್ಸಿನಲ್ಲಿ ಕ್ರಾಂತಿಯಾದ ಮೇಲೆ ಅವರು ಹಳೆಯ ಕ್ಯಾಲೆಂಡರ್ ತೆಗೆದುಹಾಕಿ ತಿಂಗಳುಗಳಿಗೆ ಮಂಜು, ಹಿಮ, ಮಳೆ ಎಂದು ಹವಾಮಾನದ ಹೆಸರಿಟ್ಟು, ವರ್ಷವನ್ನು ಒಂದರಿಂದ ಎಣಿಸಲು ತೊಡಗಿದ್ದರು. ನಾಲ್ಕನೇ ವರ್ಷ ಎಂದರೆ 1796 ಎಂದು ನನ್ನ ಕೋಷ್ಟಕದಲ್ಲಿ ಬರೆದುಕೊಂಡಿದ್ದೆ. ಮಂಜಿನ ತಿಂಗಳು ಎಂದರೆ ಅಕ್ಟೋಬರ್, ನವೆಂಬರ್. ಆದರೆ 1796ರ ಅಕ್ಟೋಬರಿನಲ್ಲಿ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ಆಗ ಅಲ್ಲಿ ಕೂತು ಫ್ರೆಂಚ್ ಕಮಿಷನರ್ ಸುತ್ತೋಲೆ ಹೊರಡಿಸಿದ್ದಾದರೂ ಹೇಗೆ? ಕಾಗದದ ಮೇಲೆ ‘ನಂಬಲರ್ಹವಲ್ಲ’ ಎಂದು ಬರೆದು ಪಕ್ಕಕ್ಕಿಟ್ಟೆ. ಹೇಗೂ ಅವನು ಕಮಿಷನರ್, ನಿಯಮದ ಪ್ರಕಾರ ಬೇಡದವನು.

ಎರಡನೇ ವಾರದ ಕೊನೆಗೆ ಸಹಿ ಹಾಕಿದೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಇಂಗ್ಲಿಷ್ ಬದಿಯ ತಗಡುಗಳು ಕೊರೆದು ಸಿದ್ಧವಾಗಿದ್ದವು.

ಅದೇ ದಿನ ಸಂಯೋಜಕಿಯಿಂದ ಫೋನ್ ಬಂತು. ಅಬುಧಾಬಿಯಲ್ಲಿ ಆ ದ್ವೀಪದವರೇ ಆದ ಒಬ್ಬರು ನರ್ಸ್ ಇದ್ದಾರೆ, ಉದ್ಘಾಟನೆಯ ದಿನ ಅವರನ್ನು ಕರೆಯುವವರಿದ್ದೇವೆ, ಅದಕ್ಕೆ ಮೊದಲು ಒಮ್ಮೆ ಪಟ್ಟಿ ತೋರಿಸಿ ಬನ್ನಿ ಎಂದರು. ಇದು ಬರೀ ಮರ್ಯಾದೆಯ ಭೇಟಿ ಎಂದೇ ಇಬ್ಬರೂ ಅಂದುಕೊಂಡಿದ್ದೆವು.

ಶನಿವಾರ ಬೆಳಿಗ್ಗೆ ಬಸ್ಸು ಹಿಡಿದು ಹೋದೆ. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಹಳೆಯ ಕಟ್ಟಡ, ಏಳನೇ ಮಹಡಿ, ಇಬ್ಬರು ನರ್ಸುಗಳು ಹಂಚಿಕೊಂಡ ಫ್ಲ್ಯಾಟ್. ಬಾಗಿಲು ತೆರೆದವರು ಐವತ್ತು ದಾಟಿದ, ಎತ್ತರದ ನಿಲುವಿನ ಹೆಂಗಸು. ಹೆರಿಗೆ ವಾರ್ಡಿನಲ್ಲಿ ಅವರಿಗೆ ಕೆಲಸ. ಕೋಕೋ ಉಂಡೆಯನ್ನು ತುರಿದು, ಹಾಲು, ದಾಲ್ಚಿನ್ನಿ ಹಾಕಿ ಕುದಿಸಿ, ಅವರ ಊರಿನವರು ಚಹಾ ಎನ್ನುವ ಪಾನೀಯ ಕೊಟ್ಟರು. ಉಂಡೆ ಊರಿನಿಂದ ತಂದದ್ದಂತೆ. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಕನ್ನಡಕ ಹಾಕಿಕೊಂಡು ಕರಡನ್ನು ಊಟದ ಮೇಜಿನ ಮೇಲೆ ಹರಡಿ, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಇಳಿಯುತ್ತ ಬಂದರು.

“ಇವರ ಹೆಸರಲ್ಲಿ ನಮ್ಮಲ್ಲೊಂದು ರಸ್ತೆ ಇದೆ,” ಎಂದರು. ಇನ್ನೂ ಸ್ವಲ್ಪ ಕೆಳಗೆ, “ಇವರು ಬಸ್ ನಿಲ್ಲುವ ಜಾಗ. ಅಲ್ಲಿ ಮೀನು ಚೆನ್ನಾಗಿ ಸಿಗ್ತದೆ.”

ನಾನು ನಕ್ಕೆ. ಅವರ ಪೆನ್ನು 1795ರ ಸಾಲಿನಲ್ಲಿ ನಿಂತಿತು.

“ಇದೇನು, ಹುದ್ದೆ ಖಾಲಿ?”

“ಆ ಸಮಯದಲ್ಲಿ ನೇಮಕವಾದ ಗವರ್ನರ್ ಯಾರೂ ಇರಲಿಲ್ಲ,” ಎಂದೆ.

“ನಮ್ಮ ವಾರ್ಡಿನ ಹೆಡ್ ನರ್ಸ್ ಬಿಟ್ಟುಹೋದರೆ, ಹೊಸಬರು ಬರುವವರೆಗೆ ನಾನೇ ವಾರ್ಡ್ ನೋಡ್ತೇನೆ. ಮಕ್ಕಳು ಹುಟ್ತಾ ಇರ್ತಾರೆ. ನೀವು ಆ ದಿನಗಳಿಗೆ ವಾರ್ಡ್ ಖಾಲಿ ಅಂತ ಬರೀತೀರಾ?”

ನನ್ನ ನಿಯಮವನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದಿಟ್ಟು, ತಮ್ಮ ಅಜ್ಜಿಯಿಂದ ಕೇಳಿದ್ದನ್ನು ಹೇಳಿದರು. ಫ್ರಾನ್ಸಿನ ಹೊಸ ಸರ್ಕಾರ ಗುಲಾಮಗಿರಿ ರದ್ದಾಯಿತು ಎಂದು ಸಾರಿತ್ತು. ಆದರೆ ಆ ಮಾತು ದ್ವೀಪದಲ್ಲಿ ಊರುವ ಮೊದಲೇ ಬ್ರಿಟಿಷರು ಬಂದು ಹಿಡಿದುಕೊಂಡರು. ಮಾರನೆಯ ವರ್ಷ ಗುಲಾಮರಾಗಿದ್ದವರೂ ಫ್ರೆಂಚರೂ ಸೇರಿ ಹೊಡೆದಾಗ ಬ್ರಿಟಿಷರು ಹಡಗು ಹತ್ತಿ ಹೋದರು. ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ದ್ವೀಪದಲ್ಲಿ ಯಾರೂ ಯಾರ ಗುಲಾಮರೂ ಆಗಿರಲಿಲ್ಲ. ಹಿರಿಯರು ಅದನ್ನು ಬಿಡುಗಡೆಯ ವರ್ಷ ಎನ್ನುತ್ತಿದ್ದರು. ಬ್ರಿಟಿಷರು ದೊಡ್ಡ ಸೈನ್ಯದೊಂದಿಗೆ ತಿರುಗಿ ಬಂದ ಮೇಲೆ ಎಲ್ಲರನ್ನೂ ಮತ್ತೆ ತೋಟಗಳಿಗೆ ಅಟ್ಟಿದರು. ಒಗ್ಗದವರು ಕಾಡು ಸೇರಿ ಕಾದಾಡಿದರು.

“ನಿಮ್ಮ ಇಡೀ ಪಟ್ಟಿಯಲ್ಲಿ ನಮ್ಮವರು ಸ್ವತಂತ್ರರಾಗಿದ್ದದ್ದು ಇದೊಂದೇ ಸಾಲಿನಲ್ಲಿ,” ಎಂದರು. “ಅದೇ ಸಾಲು ಖಾಲಿ ಇದೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಯ ಚಾರ್ಟಿನಲ್ಲಿ ಒಂದು ಅಂಕಿ ತಪ್ಪಿದೆ ಎಂದು ತೋರಿಸುವವರ ಹಾಗೆ ಹೇಳಿದರು. ನಾನು ‘ನೋಡುತ್ತೇನೆ’ ಎಂದೆ. ತಗಡು ಈಗಾಗಲೇ ಕೊರೆದಾಗಿದೆ ಎಂದು ಹೇಳಲು ಬಾಯಿ ಬರಲಿಲ್ಲ.

ವಾಪಸು ಬಸ್ಸಿನಲ್ಲಿ ಫೋನಿನಲ್ಲೇ ಆ ಸುತ್ತೋಲೆಯನ್ನು ಮತ್ತೆ ತೆರೆದೆ. ಮಂಜಿನ ತಿಂಗಳು, ನಾಲ್ಕನೇ ವರ್ಷ. ಆ ಕ್ಯಾಲೆಂಡರಿನಲ್ಲಿ ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಸೆಪ್ಟೆಂಬರಿನಲ್ಲಿ. ಅಂದರೆ ನಾಲ್ಕನೇ ವರ್ಷದ ಮೊದಲ ತಿಂಗಳುಗಳು ಬೀಳುವುದು 1795ರಲ್ಲಿ, ಜನವರಿಯಿಂದ ಆಚಿನವು ಮಾತ್ರ 1796ರಲ್ಲಿ. ನಾನು ಇಡೀ ವರ್ಷವನ್ನು ಒಂದೇ ಇಸವಿಗೆ ಸೇರಿಸಿಬಿಟ್ಟಿದ್ದೆ. ಸುತ್ತೋಲೆ 1795ರ ಶರತ್ಕಾಲದ್ದು, ನರ್ಸ್ ಹೇಳಿದ ಆ ವರ್ಷದ ನಟ್ಟನಡುವಿನದು. ಆಗ ದ್ವೀಪ ಆಳುತ್ತಿದ್ದವನು ಅದಕ್ಕೆ ಸಹಿ ಹಾಕಿದ ಕಮಿಷನರನೇ. ಕಾಗದ ಸರಿಯಾಗಿಯೇ ಇತ್ತು, ನಂಬಲರ್ಹವಲ್ಲದ್ದು ನನ್ನ ಲೆಕ್ಕ. ಹಿಜರಿ ತಾರೀಕನ್ನೂ ಇಂಗ್ಲಿಷ್ ತಾರೀಕನ್ನೂ ಒಂದೇ ಗೋಡೆಯ ಕ್ಯಾಲೆಂಡರಿನಲ್ಲಿ ನೋಡುತ್ತ ಬೆಳೆದವಳು, ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದನ್ನು ಬಲ್ಲವಳು ಈ ತಪ್ಪು ಮಾಡಿದ್ದೆ.

ಆದರೆ ತಾರೀಕಿನ ತಪ್ಪಿಗಿಂತ ನನ್ನನ್ನು ಕೊರೆದದ್ದು ನಿಯಮ. ತಾರೀಕು ಸರಿಯಿದ್ದಿದ್ದರೂ ಆ ಕಮಿಷನರ್ ಪಟ್ಟಿಗೆ ಬರುತ್ತಿರಲಿಲ್ಲ, ಏಕೆಂದರೆ ಬಾಗಿಲು ಹಾಕಿದವಳು ನಾನೇ. ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಕೆಲಸ ಬೇಗ ಮುಗಿಯಲೆಂದು ಮಾಡಿದ್ದೆ.

ಭಾನುವಾರ ಎರಡು ಸಲ ಮ್ಯಾನೇಜರಿಗೆ ಸಂದೇಶ ಬರೆದು ಎರಡು ಸಲ ಅಳಿಸಿದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಬುಧಾಬಿಗೆ ಬರುವವರಲ್ಲಿ ಆ ಸಾಲನ್ನು ನಿಂತು ಓದುವವರೆಷ್ಟು? ವೀಸಾದ ಕಾಗದ ಅವರ ಮೇಜಿನ ಮೇಲಿದೆ. ಹೀಗೆಲ್ಲ ಯೋಚಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಯೋಚಿಸಿದ್ದು ನಿಜ.

ಸೋಮವಾರ ಬೆಳಿಗ್ಗೆ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕರಡಿನ ಕೆಳಗಿನ ಸಹಿಯ ಮೇಲೆ ಬೆರಳಿಟ್ಟರು.

“ಸಹಿ ನಿಮ್ಮದೇ ಅಲ್ವಾ?”

“ಹೌದು ಸರ್.”

“ತಗಡು ಕೊರೆದಾಯ್ತು. ಉದ್ಘಾಟನೆಗೆ ಆರು ದಿನ ಉಂಟು. ಈಗ ನೀವು ಹೇಳ್ತೀರಿ ತಪ್ಪು ಅಂತ. ಎಂತ ಮಾಡ್ಲಿಕ್ಕೆ ಆಗ್ತದೆ ಮಾರಾಯ್ರೆ? ಆ ಒಂದು ಸಾಲಿನ ಮೇಲೆ ಸಣ್ಣ ಪಟ್ಟಿ ಅಂಟಿಸಿ ಮುಗಿಸುವಾ.”

“ಒಂದು ಸಾಲು ಸಾಲುವುದಿಲ್ಲ ಸರ್. ಅವನೊಬ್ಬನನ್ನೇ ಸೇರಿಸಿದ್ರೆ ಬಾಕಿ ಹಂಗಾಮಿಗಳು ಯಾಕಿಲ್ಲ ಅಂತ ಕೇಳ್ತಾರೆ. ನಿಯಮವನ್ನೇ ತೆಗೀಬೇಕು. ನಿಜವಾಗಿ ಆಳಿದವರೆಲ್ಲ ಬರಬೇಕು, ಅವರಿಗೆ ಆಗ ಯಾವ ಹುದ್ದೆಯ ಹೆಸರಿತ್ತೋ ಅದರ ಸಮೇತ.”

“ಅಂದ್ರೆ ಇಡೀ ಪಟ್ಟಿ ಹೊಸತು.”

“ಹೌದು.”

“ನೇಮಕಪತ್ರ ಇದ್ದವರು ಮಾತ್ರ ಅಂದದ್ದರಲ್ಲಿ ತಪ್ಪೇನುಂಟು? ದಾಖಲೆ ಅಂದ್ರೆ ದಾಖಲೆ.”

ನಾನು ಪರ್ಸಿನಿಂದ ನನ್ನ ಲೇಬರ್ ಕಾರ್ಡ್ ತೆಗೆದು ಅವರ ಮುಂದಿಟ್ಟೆ. “ಇದರಲ್ಲಿ ನನ್ನ ಹುದ್ದೆ ಸೆಕ್ರೆಟರಿ ಅಂತ ಉಂಟು ಸರ್. ನಿಮಗೆ ಗೊತ್ತುಂಟಲ್ಲ, ಆಗ ಕಂಪನಿಯ ವೀಸಾ ಕೋಟಾದಲ್ಲಿ ಅದೊಂದೇ ಹುದ್ದೆ ಖಾಲಿ ಇದ್ದದ್ದು. ಈ ಕಂಪನಿಯಲ್ಲಿ ಫಲಕ ತಿದ್ದಿದವರ ಪಟ್ಟಿ ಮಾಡಿದ್ರೆ, ನನ್ನ ನಿಯಮದ ಪ್ರಕಾರ ನಾನೇ ಇರೂದಿಲ್ಲ. ಇಷ್ಟು ವರ್ಷ ಹುದ್ದೆ ಖಾಲಿ ಅಂತ ಬರೀಬೇಕು.”

ಅವರು ಕಾರ್ಡನ್ನು ತಿರುಗಿಸಿ ನೋಡಿದರು. ನಗಲಿಲ್ಲ. ಕಾರ್ಡನ್ನು ನನ್ನ ಕಡೆಗೆ ಸರಿಸಿ ಫೋನ್ ಎತ್ತಿ ಸಂಯೋಜಕಿಗೆ ಹಚ್ಚಿ, ಸ್ಪೀಕರಿನಲ್ಲಿ ಹಾಕಿದರು.

“ಖಲಾಸ್, ಮುಗಿಯಿತು ಎಂದಿದ್ದೆವಲ್ಲ,” ಎಂದರು ಸಂಯೋಜಕಿ. “ಗೋಡೆಯ ಶೀರ್ಷಿಕೆ ‘ಗವರ್ನರರು’ ಎಂದು ಮುದ್ರಣವಾಗಿದೆ. ಕಮಿಷನರ್ ಅದರಲ್ಲಿ ಹೇಗೆ ಬರುತ್ತಾನೆ?”

ನಾನು ಸುತ್ತೋಲೆಯ ವಿಷಯ ಹೇಳಿದೆ, ತಾರೀಕನ್ನು ನಾನು ತಪ್ಪಾಗಿ ಎಣಿಸಿದ್ದನ್ನು ಹೇಳಿದೆ, ನರ್ಸ್ ಹೇಳಿದ್ದನ್ನು ಹೇಳಿದೆ.

“ನಮ್ಮ ದೇಶದಲ್ಲೂ ಫ್ರೆಂಚರು ಇದ್ದರು,” ಎಂದರು ಸಂಯೋಜಕಿ, ನಿಧಾನವಾಗಿ. “ಅವರ ಹುದ್ದೆಯ ಹೆಸರೂ ಕಮಿಷನರ್ ಎಂದೇ ಇತ್ತು. ನನ್ನ ಅಜ್ಜನಿಗೆ ಕೇಳಿದ್ದರೆ ಆಳಿದ್ದು ಯಾರು ಎಂದು ಹೇಳುತ್ತಿದ್ದ. ಎಷ್ಟು ದಿನ ಬೇಕು ನಿಮಗೆ?”

“ಪಟ್ಟಿಗೆ ಎರಡು ದಿನ,” ಎಂದೆ. ತಗಡಿನದು ನನಗೆ ಗೊತ್ತಿರಲಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ಅಲ್ ಕೂಝ್‌ನಲ್ಲಿ. ಲೇಸರ್ ಯಂತ್ರ ನಡೆಸುವವರು ಪುತ್ತೂರಿನ ಕಡೆಯವರು. ಅಷ್ಟು ದೊಡ್ಡ ಹಿತ್ತಾಳೆ ತಗಡು ಹೊಸದಾಗಿ ತರಿಸಲು ಹತ್ತು ದಿನ ಬೇಕು ಎಂದರು. ಕೊರೆದ ತಗಡುಗಳ ಮುಂದೆ ಸ್ವಲ್ಪ ಹೊತ್ತು ನಿಂತು ಒಂದನ್ನು ಮಗುಚಿ ಹಾಕಿದರು.

“ಅಕ್ಕ, ಹಿಂದೆ ಎಂತ ಇಲ್ಲ, ಖಾಲಿಯೇ ಉಂಟು. ತಗಡು ದಪ್ಪ ಉಂಟು, ಹಿಂಬದಿಯಲ್ಲೇ ಕೊರೆಯುವಾ. ಸ್ಕ್ರೂ ಹಾಕುವ ತೂತು ಎರಡೂ ಬದಿಗೆ ಸರಿಯಾಗ್ತದೆ. ಆದ್ರೆ ಅಳತೆ ಇಷ್ಟೇ. ಸಾಲು ಜಾಸ್ತಿ ಆದ್ರೆ ಅಕ್ಷರ ಸಣ್ಣ ಮಾಡ್ಬೇಕಾಗ್ತದೆ.”

ಮುಂದಿನ ಎರಡು ದಿನ ನಾನು ಮೊದಲ ವಾರ ಹೊರಗೆ ಹಾಕಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆತಂದೆ. ಮೂರು ವಾರ ಮಾತ್ರ ಕೂತ ಸೇನಾಧಿಕಾರಿ, ಗವರ್ನರ್ ಸತ್ತಾಗ ಕೋಟೆಯ ಬೀಗದಕೈ ಹಿಡಿದವನು, ಇಬ್ಬಿಬ್ಬರು ತಾವು ತಾವೇ ಗವರ್ನರ್ ಎಂದು ಹೇಳಿಕೊಂಡ ತಿಂಗಳುಗಳು. ಅಂಥ ಕಡೆ ಎರಡೂ ಹೆಸರನ್ನು ಒಂದೇ ಸಾಲಿನಲ್ಲಿ ಹಾಕಿದೆ. ‘ಹುದ್ದೆ ಖಾಲಿ’ ಎಂಬ ಮಾತು ಎಲ್ಲಿಯೂ ಉಳಿಯಲಿಲ್ಲ. ಕ್ರಾಂತಿಯ ಕ್ಯಾಲೆಂಡರಿನ ತಾರೀಕುಗಳನ್ನು ಮೂರು ಸಲ ಪರಿವರ್ತಿಸಿ, ಮ್ಯಾನೇಜರಿಂದಲೂ ಒಂದು ಸಲ ಮಾಡಿಸಿ, ಎರಡೂ ತಾಳೆಯಾದ ಮೇಲೆಯೇ ಬರೆದೆ. ಅಕ್ಷರದ ಎತ್ತರ ಹನ್ನೆರಡು ಮಿಲಿಮೀಟರಿನಿಂದ ಎಂಟಕ್ಕೆ ಇಳಿಯಿತು.

ಆ ವರ್ಷದ ಸಾಲಿನಲ್ಲಿ ಕಮಿಷನರನ ಹೆಸರು, ಸುತ್ತೋಲೆಯಲ್ಲಿ ಇದ್ದ ಹಾಗೆಯೇ ಅವನ ಹುದ್ದೆ. ‘ಬಿಡುಗಡೆಯ ವರ್ಷ’ ಎಂದು ಸೇರಿಸಬೇಕೆಂದು ಕೇಳಿದೆ. ಇದು ಆಡಳಿತದ ಪಟ್ಟಿ, ಜನರು ಕರೆದ ಹೆಸರು ಇಲ್ಲಿ ಬರುವುದಿಲ್ಲ ಎಂದು ಸಂಯೋಜಕಿ ಒಪ್ಪಲಿಲ್ಲ. ತುಂಬ ಮಾತಾದ ಮೇಲೆ ‘ಗುಲಾಮಗಿರಿ ಇಲ್ಲದ ಕಾಲ’ ಎಂಬಷ್ಟಕ್ಕೆ ಜಾಗ ಬಿಟ್ಟರು. ಅದು ಸಾಕಾಯಿತು ಎಂದು ನನಗೆ ಆಗಲೂ ಅನಿಸಿರಲಿಲ್ಲ. ಕಾಡು ಸೇರಿ ಕಾದಾಡಿದವರಲ್ಲಿ ಒಬ್ಬರ ಹೆಸರೂ ನನ್ನ ಗೋಡೆಯ ಮೇಲಿಲ್ಲ. ಗವರ್ನರರ ಪಟ್ಟಿಯಲ್ಲಿ ಅವರಿಗೆ ಜಾಗ ಮಾಡುವ ದಾರಿ ನನಗೆ ಹೊಳೆಯಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಫಲಕಗಳು ಗೋಡೆ ಏರಿದವು. ಮೊದಲ ಪಟ್ಟಿ ಈಗಲೂ ಅಲ್ಲೇ ಇದೆ, ಗೋಡೆಗೆ ಮುಖ ಮಾಡಿಕೊಂಡು.

ಮ್ಯಾನೇಜರ್ ನನಗೆ ಎಚ್ಚರಿಕೆ ಪತ್ರ ಕೊಟ್ಟರು. ಪರಿಶೀಲನೆಯಲ್ಲಿ ಲೋಪ ಎಂದು ಅದರಲ್ಲಿತ್ತು. ಅದನ್ನು ಓದಿ ಸಹಿ ಹಾಕಿದೆ, ಬರೆದದ್ದು ಸರಿಯಾಗಿಯೇ ಇತ್ತು. ಅದೇ ಲಕೋಟೆಯಲ್ಲಿ ವೀಸಾದ ಶಿಫಾರಸಿನ ಪ್ರತಿಯೂ ಇತ್ತು. ಹುದ್ದೆಯ ಹೆಸರನ್ನು ‘ಪಠ್ಯ ಪರಿಶೀಲಕಿ’ ಎಂದು ಬದಲಾಯಿಸಬೇಕೆಂದು ಅವರು ಅದರಲ್ಲಿ ಕೇಳಿದ್ದರು.

ಉದ್ಘಾಟನೆಯ ದಿನ ನರ್ಸಿಗೆ ಡ್ಯೂಟಿ ಇತ್ತು, ಬರಲಾಗಲಿಲ್ಲ. ಎರಡು ವಾರ ಬಿಟ್ಟು ಒಂದು ಭಾನುವಾರ ಸಂಜೆ ನನ್ನನ್ನೂ ಕರೆದರು. ಸಭಾಂಗಣದಲ್ಲಿ ಹೆಚ್ಚು ಜನರಿರಲಿಲ್ಲ. ಅವರು ನೇರವಾಗಿ ಆ ಸಾಲಿಗೆ ಹೋಗದೆ ಮೇಲಿನಿಂದ ಓದುತ್ತ ಬಂದರು, ಪೆನ್ನಿನ ಬದಲು ಬೆರಳು. ಆ ಸಾಲಿಗೆ ಬಂದಾಗ ಬೆರಳು ನಿಂತಿತು. ಅದರ ಫೋಟೋ ತೆಗೆದು ಊರಿನಲ್ಲಿರುವ ತಾಯಿಗೆ ಕಳಿಸಿದರು. ಅಲ್ಲಿ ಆಗಿನ್ನೂ ಬೆಳಗಿನ ಹೊತ್ತು.

ಉತ್ತರವಾಗಿ ಧ್ವನಿ ಸಂದೇಶ ಬಂತು, ಅವರ ಕ್ರಿಯೋಲ್ ಭಾಷೆಯಲ್ಲಿ. ನರ್ಸ್ ಕೇಳಿ ನಕ್ಕರು.

“ಅಕ್ಷರ ತುಂಬ ಸಣ್ಣ, ನನಗೆ ಕಾಣೂದಿಲ್ಲ ಅಂತಿದ್ದಾರೆ.”

“ಎಲ್ಲರನ್ನೂ ಹಿಡಿಸಬೇಕಾಗಿತ್ತು,” ಎಂದೆ.

ಅವರು ತಾಯಿಗೆ ಫೋನ್ ಹಚ್ಚಿದರು. ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದರು. ಕಮಿಷನರನ ಹೆಸರು ಅವರ ಬಾಯಲ್ಲಿ ನಾವು ಅರಬ್ಬಿಯಲ್ಲಿ ಬರೆದದ್ದಕ್ಕಿಂತ ಬೇರೆಯಾಗಿ ಕೇಳಿಸಿತು. ತಾಯಿ ಏನೋ ಅಂದರು. ನರ್ಸ್ ಮತ್ತೊಮ್ಮೆ ಓದಿದರು, ಇನ್ನೂ ನಿಧಾನವಾಗಿ. ಕಾವಲಿನವನು ಸದ್ದು ಕೇಳಿ ಹತ್ತಿರ ಬಂದ. ಅವರ ಮುಖ ನೋಡಿ ಅಲ್ಲೇ ನಿಂತ. ಅವರು ಮೂರನೆಯ ಸಲ ಓದುತ್ತಿದ್ದರು.